ಇಪ್ಪತ್ತನಾಲ್ಕು ನಿಮಿಷ

ಸುಂಟಿಕೊಪ್ಪದ ಕಾಫಿ ಮಿಲ್ಲಿನ ಮಹಡಿ,
ರಾತ್ರಿ ಹನ್ನೊಂದೂ ಕಾಲು.
ಕೆಳಗೆ ಹಲ್ಲರ್ ನಿಂತಿದೆ, ಸಿಪ್ಪೆಯ ದೂಳು ಇನ್ನೂ ಇಳಿದಿಲ್ಲ,
ಕೀಬೋರ್ಡಿನ ಸಂದಿಯಲ್ಲೂ ಅದೇ.

ಹೆಸರು: ದೇಚು. ಪಾಸ್‌ವರ್ಡ್: ಎಂಟು ಚುಕ್ಕೆ.
ಬಾ ಒಳಗೆ, ಅನ್ನುತ್ತದೆ.
ಚೀಲದ ಪಟ್ಟಿ ನೋಡೋಣವೆಂದು ಒಂದು ಸಲ ಒತ್ತಿದರೆ
ಮತ್ತೆ ಹೊಸ್ತಿಲಲ್ಲೇ: ಯಾರು ನೀವು?

ಲೋಕಲ್‌ಹೋಸ್ಟ್ ಅಂತೆ.
ನನ್ನದೇ ಮೇಜು, ನನ್ನದೇ ಯಂತ್ರ,
ನಾನೇ ಕೂತು ಬರೆದ ಬಾಗಿಲು.
ಹನ್ನೆರಡು ಸಲ ಹೆಸರು ಹೇಳಿದೆ.
ಹದಿಮೂರನೆಯ ಸಲಕ್ಕೆ ದೇಚು ಅನ್ನುವುದು
ಬಸ್ಸಿನಲ್ಲಿ ಯಾರೋ ಯಾರನ್ನೋ ಕರೆದ ಹಾಗೆ ಕೇಳಿಸಿತು.

ಮಾಡುವುದೆಲ್ಲ ಮಾಡಿದೆ.
ಕುಕಿ ಅಳಿಸಿದೆ, ಬ್ರೌಸರ್ ಬದಲಿಸಿದೆ,
ಸರ್ವರನ್ನು ಮಲಗಿಸಿ ಎಬ್ಬಿಸಿದೆ.
ಸರಿಯಾಗಿಯೇ ಇದ್ದ ಕೋಡನ್ನು ತಿದ್ದಿ ಕೆಡಿಸಿ
ಕೆಡಿಸಿದ್ದನ್ನು ಸರಿಮಾಡಿ, ಅದಕ್ಕೊಂದು ಗಂಟೆ.
ಡಿಸ್ಕ್ ತುಂಬಿತೇ? ಇಲ್ಲ, ಅರ್ಧ ಖಾಲಿ.
ಕರೆಂಟ್ ಹೋಯಿತು, ಬಂತು. ಇನ್ವರ್ಟರ್ ಒಂದು ಸಲ ಬಿಕ್ಕಿತು.
ದೂರದ ತೋಟದಲ್ಲಿ ಯಾರೋ ಆನೆಗೆ ಪಟಾಕಿ ಹಚ್ಚಿದರು.
ಎರಡು ಸಿಡಿದವು, ಮೂರನೆಯದು ಟುಸ್.

ಕೊನೆಗೆ, ಮೊದಲೇ ಮಾಡಬೇಕಿದ್ದ ಕೆಲಸ:
ಲಾಗ್ ತೆರೆದು ಓದಿದೆ.
ಒಂದೇ ಸಾಲು, ಹತ್ತಾರು ಸಲ,
ದೂರು ಕೊಡುವವನ ಬೇಸರವೂ ಇಲ್ಲದೆ:
ಸೆಷನ್ ಬರೆಯಲಾಗಲಿಲ್ಲ. ಅನುಮತಿ ಇಲ್ಲ.

ಮೊಯ್ದು ಕಾಕ ನೆನಪಾದರು.
ಜೀಪಿನಿಂದ ಚೀಲ ಇಳಿದ ಕೂಡಲೇ ಒಂದು ಚೀಟಿ ಬರೆದು
ಎರಡಾಗಿ ಹರಿಯುತ್ತಾರೆ,
ಅರ್ಧ ತಂದವರ ಜೇಬಿಗೆ, ಅರ್ಧ ತಗಡಿನ ಡಬ್ಬಿಗೆ.
ಹರಿದ ಅಂಚಿಗೆ ಅಂಚು ಕೂಡಿದರೆ ಆಯಿತು:
ಇದು ಇಂಥವರ ಚೆರಿ, ಇಷ್ಟು ಚೀಲ, ತೇವ ಇಷ್ಟು.
ಕಳೆದ ಜನವರಿಯಲ್ಲಿ ಧಣಿ ಡಬ್ಬಿಗೆ ಬೀಗ ಜಡಿದು
ಕೀಲಿಕೈ ಸಮೇತ ವಿರಾಜಪೇಟೆಯ ಮದುವೆಗೆ ಹೋದರು.
ಅರ್ಧ ಚೀಟಿ ಹಿಡಿದ ಜನ
ಸಂಜೆಯ ತನಕ ಕಣದ ಕಟ್ಟೆಯ ಮೇಲೆ ಕೂತರು.
ಅವರು ಸುಳ್ಳು ಹೇಳುತ್ತಿರಲಿಲ್ಲ.
ಗೊತ್ತಿಲ್ಲ ಎಂದ ಮೊಯ್ದು ಕಾಕನೂ ಹೇಳುತ್ತಿರಲಿಲ್ಲ.

ಈ ಡಬ್ಬಿ ಯಾರದು, ಎಂದು ಕೇಳಿದೆ.
ರೂಟ್, ಅಂದಿತು ಪರದೆ.
ರೂಟ್ ಅಂದರೆ ನಾನೇ.
ಗುರುವಾರ, ಬ್ಯಾಕಪ್ಪಿನ ಅವಸರದಲ್ಲಿ
ಧಣಿಯ ಕುರ್ಚಿಯಲ್ಲಿ ಕೂತು
ಹಳೆಯ ಫೋಲ್ಡರ್ ಅಳಿಸಿ ಹೊಸದು ಮಾಡಿದವಳು,
ಕೊನೆಯ ಬಸ್ಸಿಗೆಂದು ಎದ್ದು ಓಡಿದವಳು.
ಬರೆಯಬೇಕಾದ ಗುಮಾಸ್ತ ಅಂದಿನಿಂದ
ಪೆನ್ನು ಹಿಡಿದು ಹೊರಗೆ ನಿಂತಿದ್ದಾನೆ.
ಬೈದದ್ದು ಮಾತ್ರ ಅವನನ್ನು.

ಎಲ್ಲರಿಗೂ ಎಲ್ಲವೂ ತೆರೆದಿರಲಿ ಎಂಬ ಮೂರು ಏಳುಗಳು
ಬೆರಳ ತುದಿಗೆ ಬಂದವು. ಸುಸ್ತಾದಾಗ ಬರುತ್ತವೆ.
ಒತ್ತಲಿಲ್ಲ.
ಫೋಲ್ಡರನ್ನು ಅವನೊಬ್ಬನ ಹೆಸರಿಗೆ ಮಾಡಿಕೊಟ್ಟೆ, ಒಂದೇ ಸಾಲು.

ದೇಚು. ಚುಕ್ಕೆಗಳು. ಒಳಗೆ.
ಚೀಲದ ಪಟ್ಟಿ. ಇನ್ನೂ ನಾನೇ.
ಬಾಕಿ ಲೆಕ್ಕ. ಇನ್ನೂ.
ಕೆಲಸವಿಲ್ಲದಿದ್ದರೂ ಹತ್ತು ಸಲ ಪುಟ ಮಗುಚಿದೆ,
ಗುರುತು ಹಿಡಿಯುತ್ತದಲ್ಲ, ಅದಕ್ಕೆ.

ಬೆಳಿಗ್ಗೆ ಮೊಯ್ದು ಕಾಕ ಮೇಲೆ ಬಂದು
ಕನ್ನಡಕ ಒರೆಸುತ್ತ ಎಲ್ಲ ಕೇಳಿಸಿಕೊಂಡರು.
ಡಬ್ಬಿಯ ಹೋಲಿಕೆ ಅವರಿಗೆ ಅಷ್ಟೇನೂ ಹಿಡಿಸಲಿಲ್ಲ.
"ನಿನ್ನ ಯಂತ್ರ ಎಷ್ಟು ಹೊತ್ತು ನೆನಪಿಡುತ್ತದೆ, ಮೋಳೇ?"
ಸುಮ್ಮನೆ ಬಿಟ್ಟರೆ ಇಪ್ಪತ್ತನಾಲ್ಕು ನಿಮಿಷ, ಅಂದೆ.
"ಅಷ್ಟೇನಾ?
ಲೋಡು ಬಂದರೆ ಸ್ಯಾಂಪಲ್ ಸುಲಿದು, ತೂಗಿ, ತೇವ ನೋಡಿ
ವಾಪಸು ಬರಲಿಕ್ಕೆ ನಲವತ್ತು ಬೇಕು ನನಗೆ."

ಎರಡು ಸಾವಿರದ ಏಳುನೂರು ಸೆಕೆಂಡು ಎಂದು ಬರೆದೆ.
ನಲವತ್ತೈದು ನಿಮಿಷ.
ಆ ಐದು, ಮೆಟ್ಟಿಲಿಗೆ.